ಪೋಸ್ಟಮ್ಮನ ಕಾಲಿನಲ್ಲಿ ಎರಡು ಖಾಲಿ ತೂತು

ತಾನು ಊರಿಗೇ ಒಳ್ಳೆಯ ಬಡಗಿ ಎಂದು ಬಾಗಿಲು ಮೇಸ್ತ್ರಿ ಯಾವತ್ತೂ ಬಾಯಿಬಿಟ್ಟು ಹೇಳಿಕೊಂಡವನಲ್ಲ. ಯಾರ ಮನೆಗಾದರೂ ಹೋದರೆ ಅವರ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ, ಅದು ಕಿರ್ರೆಂದರೆ ಮನೆಯವರ ಮುಖವನ್ನು ಕನಿಕರದಿಂದ ನೋಡುತ್ತಿದ್ದ, ಅಷ್ಟೆ. ಅವನು ಕೂರಿಸಿದ ಬಾಗಿಲು ಕಿರ್ರೆನ್ನುತ್ತಿರಲಿಲ್ಲ. ಗುಟ್ಟೇನು ಎಂದು ಕೇಳಿದವರಿಗೆ ಅವನದು ಒಂದೇ ಉತ್ತರ: "ಕೀಲಿನ ಪಟ್ಟೀಲಿ ಎಷ್ಟು ತೂತು ಇದೆಯೋ ಅಷ್ಟಕ್ಕೂ ಸ್ಕ್ರೂ ಹಾಕ್ಬೇಕು. ಒಂದು ಬಿಟ್ಟೆ ಅನ್ನಿ, ಬಾಗಿಲಿಗೆ ಗೊತ್ತಾಗತ್ತೆ." ಈ ಮಾತು ಕೇಳದವರು ಆ ಬೀದಿಯಲ್ಲಿ ಇರಲಿಲ್ಲ. ಕೆಲವರು ಎರಡೆರಡು ಸಲ ಕೇಳಿದ್ದರು; ಅವರ ಮನೆಗೆ ಎರಡು ಬಾಗಿಲು.

ಅವನ ಹೆಂಡತಿಗೆ ಅಂಚೆ ಹಂಚುವ ಕೆಲಸ. ಬೀದಿಯವರ ಬಾಯಲ್ಲಿ ಅವಳು ಪೋಸ್ಟಮ್ಮ. ಒಂದು ಬೆಳಿಗ್ಗೆ ಹೆಗಲಿಗೆ ಚೀಲ ಹಾಕಿಕೊಂಡು ಅಂಚೆ ಕಚೇರಿಯ ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದಿನಿಂದ ಯಾರೋ ಕೂಗಿದರು. ಕೂಗಿದವರನ್ನು ಉತ್ತರ ಕೊಡದೆ ಬಿಟ್ಟು ಹೋಗುವುದು ಪೋಸ್ಟಮ್ಮನ ಜಾಯಮಾನವಲ್ಲ. ತಿರುಗಿ ಉತ್ತರ ಕೊಟ್ಟಳು. ಉತ್ತರ ಮುಗಿಯುವ ಮೊದಲೇ ಮೆಟ್ಟಿಲು ಮುಗಿದಿತ್ತು. ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಕಾಲು ಕೊಯ್ದು, ಮೂಳೆಯ ಮೇಲೆ ಉದ್ದನೆಯ ಲೋಹದ ಪ್ಲೇಟು ಇಟ್ಟು, ಸ್ಕ್ರೂ ಬಿಗಿದು, ಹೊಲಿದರು.

ಅಲ್ಲಿಯವರೆಗೆ ಹೊರಗಿನ ಬೆಂಚಿನ ಮೇಲೆ ಬೆವರುತ್ತ ಕೂತಿದ್ದ ಮೇಸ್ತ್ರಿಗೆ ಪ್ಲೇಟು, ಸ್ಕ್ರೂ ಎಂಬ ಎರಡು ಮಾತು ಕಿವಿಗೆ ಬಿದ್ದಾಗ ಹೋದ ಜೀವ ಬಂದಂತಾಯಿತು. "ಅಯ್ಯೋ, ಇದು ನಮ್ಮ ಕೆಲಸಾನೇ" ಎಂದು ಪಕ್ಕದಲ್ಲಿದ್ದ ಅಪರಿಚಿತನಿಗೆ ಹೇಳಿದ. ಅಪರಿಚಿತ ಇವನನ್ನು ಡಾಕ್ಟರ್ ಎಂದುಕೊಂಡು ತನ್ನ ನೋಯುವ ಭುಜ ತೋರಿಸಿದ. ಮೇಸ್ತ್ರಿ ಅದನ್ನೂ ಎರಡು ಸಲ ಮೇಲೆ ಕೆಳಗೆ ಆಡಿಸಿ ನೋಡಿ, "ಕಿರ್ರನ್ನತ್ತೆ" ಎಂದ.

ಎಡವಟ್ಟು ಶುರುವಾದದ್ದು ಮನೆಗೆ ಬಂದ ಮೇಲೆ. ಆಸ್ಪತ್ರೆಯವರು ಕೊಟ್ಟ ಎಕ್ಸ್‌ರೇ ಹಾಳೆಯನ್ನು ಮೇಸ್ತ್ರಿ ಕಿಟಕಿಯ ಗಾಜಿಗೆ ಆನಿಸಿ ಹಿಡಿದ. ಪ್ಲೇಟು ಕೂತ ನೇರ ನೋಡಿ ತಲೆದೂಗಿದ. ಆಮೇಲೆ ಅಭ್ಯಾಸಬಲದಿಂದ ಎಣಿಸಿದ. ತೂತು ಹತ್ತು, ಸ್ಕ್ರೂ ಎಂಟು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಎಣಿಸಿದ. ಎಂಟೇ. ತುದಿಯಲ್ಲೋ ಮೂಲೆಯಲ್ಲೋ ಬಿಟ್ಟಿದ್ದರೆ ಹೋಗಲಿ ಎನ್ನಬಹುದಿತ್ತು. ಖಾಲಿ ಬಿಟ್ಟ ಎರಡೂ ತೂತು ನಟ್ಟನಡುವೆ, ಸರಿಯಾಗಿ ಮೂಳೆ ಮುರಿದ ಜಾಗದ ಮೇಲೇ ಇದ್ದವು.

"ಏನ್ರೀ, ಅಷ್ಟು ಹೊತ್ತಿಂದ ನೋಡ್ತಿದೀರಿ" ಎಂದಳು ಪೋಸ್ಟಮ್ಮ ಮಂಚದ ಮೇಲಿಂದ.

"ಏನಿಲ್ಲ" ಎಂದ ಮೇಸ್ತ್ರಿ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಕಾರಣ ಹಿಂದೆಯೇ, "ನೀನು ಮಾತ್ರ ಕಾಲು ಅಲ್ಲಾಡಿಸ್ಬೇಡ" ಎಂದು ಸೇರಿಸಿದ.

ಆಮೇಲೆ ಎಕ್ಸ್‌ರೇ ಹಾಳೆ ಎದುರು ಮನೆಯ ಟೈಲರನ ಅಂಗಡಿಗೆ ಹೋಯಿತು. ಅಲ್ಲಿ ಪೋಸ್ಟಮ್ಮನ ತಮ್ಮನೂ ಕೂತಿದ್ದ. ಅವನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವನು. ಅವನ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ, ಟಿಕೆಟ್ ತೆಗೆದುಕೊಂಡವರು ಮತ್ತು ತೆಗೆದುಕೊಳ್ಳದವರು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನೀವೇ ನೋಡಿ" ಎಂದು ಮೇಸ್ತ್ರಿ ಹಾಳೆಯನ್ನು ದೀಪಕ್ಕೆ ಹಿಡಿದ.

ಟೈಲರ್ ಬಹಳ ಹೊತ್ತು ನೋಡಿ ನಿಟ್ಟುಸಿರು ಬಿಟ್ಟ. "ನಾನು ಒಂದು ಗುಂಡಿ ಮರೆತ್ರೆ ಗಿರಾಕಿ ಅಂಗಿ ವಾಪಸ್ ತಂದು ಮುಖಕ್ಕೆ ಎಸೀತಾನೆ. ಇದನ್ನ ಹೇಗೆ ವಾಪಸ್ ಕೊಡ್ತೀರಿ ಮೇಸ್ತ್ರಿ? ಬಿಚ್ಚೋಕೆ ಬರಲ್ಲವಲ್ಲ."

"ಭಾವ, ಇದು ಮರೆವಲ್ಲ" ಎಂದ ಭಾವಮೈದ, ತಗ್ಗಿದ ದನಿಯಲ್ಲಿ. "ಎರಡು ಸ್ಕ್ರೂ ಯಾರ ಜೇಬಿಗೆ ಹೋಯ್ತು ಅಂತ ವಿಚಾರಣೆ ಆಗ್ಬೇಕು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಆ ಬೀದಿಯಲ್ಲಿ ಹಗ್ಗವನ್ನೂ ತಂದುಕೊಡುತ್ತಿದ್ದರು. ಅಂಗಡಿಗೆ ಅಳತೆ ಕೊಡಲು ಬಂದವರೆಲ್ಲ ಹಾಳೆ ನೋಡಿದರು, ನೋಡಿದವರೆಲ್ಲ ಮನೆಗೆ ಹೋಗಿ ಹೇಳಿದರು. ಸಂಜೆಯ ಹೊತ್ತಿಗೆ ಸುದ್ದಿ ಊರು ಸುತ್ತಿ ಮೇಸ್ತ್ರಿಯ ಮನೆಗೇ ವಾಪಸ್ ಬಂದಾಗ, ಪೋಸ್ಟಮ್ಮನ ಕಾಲೊಳಗೆ ಒಂದು ಸ್ಕ್ರೂಡ್ರೈವರ್ ಬಿಟ್ಟು ಹೊಲಿದಿದ್ದಾರೆ ಎನ್ನುವಷ್ಟಾಗಿತ್ತು.

ಕೆಲವು ವಾರ ಕಳೆದ ಮೇಲೆ, ಪ್ಲೇಟು ಹಾಕಿದ ಡಾಕ್ಟರಮ್ಮ ಕಾಲು ನೋಡಿ, "ಇನ್ನು ಊರುಗೋಲು ಹಿಡಿದು ಮೆಲ್ಲಗೆ ಕಾಲೂರಿ. ದಿನಾ ಸ್ವಲ್ಪ ಸ್ವಲ್ಪ ಭಾರ ಹಾಕ್ತಾ ಹೋಗಿ" ಎಂದರು. ವಾಪಸ್ ಬರುವಾಗ ಮೇಸ್ತ್ರಿ ಮುಖ ಗಂಟಿಕ್ಕಿಕೊಂಡಿದ್ದ.

"ತಪ್ಪು ಮಾಡಿದವ್ರು ಹಾಗೇ ಹೇಳೋದು. ಬಾಗಿಲು ಜೋತು ಬಿದ್ದಿದ್ರೂ, ತೆಗೀತಾ ಮುಚ್ತಾ ಇರಿ, ಸರಿ ಹೋಗತ್ತೆ ಅಂತಾರೆ. ನಾನು ಕಾಣದ ಆಟವಾ ಇದು?"

ಆದರೂ ಪೋಸ್ಟಮ್ಮ ಮಾರನೆಯ ದಿನ ಊರುಗೋಲು ಹಿಡಿದು ಎದ್ದು ಕಾಲೂರಿದಳು. ಮೇಸ್ತ್ರಿ ಅದನ್ನು ನೋಡಿದ. ಕೈಯಲ್ಲಿದ್ದ ಸುತ್ತಿಗೆ ಅವನ ಪಾದದ ಮೇಲೇ ಬಿತ್ತು. ಅದು ಅವನಿಗೆ ಗೊತ್ತೇ ಆಗಲಿಲ್ಲ. ಮುಖ ಸುಣ್ಣದ ಹಾಗೆ ಬಿಳುಚಿಕೊಂಡಿತು. ಆ ದಿನ ಅವನು ಊಟ ಮಾಡಲಿಲ್ಲ. ಪೋಸ್ಟಮ್ಮನಿಗೆ ತನ್ನ ಕಾಲಿಗಿಂತ ಅವನ ಮುಖ ನೋಡಿ ಹೆದರಿಕೆಯಾಯಿತು. ತೂತಿನ ಪುರಾಣ ಕೇಳಿ ಕೇಳಿ ಅವಳ ಮನಸ್ಸಿನಲ್ಲೂ ಒಂಚೂರು ಅಳುಕಿತ್ತು ಅನ್ನಿ. "ಆಯ್ತು ಬಿಡಿ, ಇನ್ನೊಂದು ನಾಲ್ಕು ದಿನ ಕೂತಿರ್ತೀನಿ" ಎಂದು ಮತ್ತೆ ಮಂಚ ಸೇರಿದಳು.

ಮೇಸ್ತ್ರಿ ಆ ಮಾತನ್ನು ಶಿರಸಾ ವಹಿಸಿದ. ಹೆಂಡತಿಯನ್ನು ಪ್ರೀತಿಸುತ್ತೇನೆ ಎಂದು ಹೇಳಲು ಅವನಿಗೆ ಬರುತ್ತಿರಲಿಲ್ಲ, ಮರಗೆಲಸ ಬರುತ್ತಿತ್ತು. ಅಡುಗೆಮನೆಯ ಕುರ್ಚಿಗೆ ಚಕ್ರ ಹೊಡೆದ. ಅದು ಉರುಳುವುದಕ್ಕೆಂದು ಮನೆಯ ಹೊಸ್ತಿಲುಗಳನ್ನೆಲ್ಲ ಗರಗಸದಿಂದ ಕೊಯ್ದ. ಅವಳ ಕೈಗೆ ಎಟುಕುವ ಹಾಗೆ ಪಾತ್ರೆಯ ಹಲಗೆಗಳನ್ನು ಕೆಳಕ್ಕಿಳಿಸಿದ. ಆ ಗಲಾಟೆಯ ನಡುವೆ ಪಕ್ಕದ ಓಣಿಯ ಅಜ್ಜಿಯೊಬ್ಬಳು ಬಂದು, ಪೋಸ್ಟಮ್ಮನ ಕಾಲಿಗೆ ಕಿವಿಯಿಟ್ಟು ಕೇಳಿ, "ಹೌದಮ್ಮ, ಒಳಗೆ ಗಡಗಡ ಅಂತಿದೆ" ಎಂದಳು. ಅದು ಹಿತ್ತಲಲ್ಲಿ ಮೇಸ್ತ್ರಿ ಎರಡನೇ ಕುರ್ಚಿಗೆ ಚಕ್ರ ಹೊಡೆಯುತ್ತಿದ್ದ ಸದ್ದು. ಒಂದು ಕುರ್ಚಿ ಕೆಟ್ಟರೆ ಇನ್ನೊಂದು ಇರಲಿ ಎಂಬ ಮುಂದಾಲೋಚನೆ. ಕೊನೆಗೆ ಬೀದಿಗಿಳಿಯುವ ಎರಡು ಮೆಟ್ಟಿಲ ಮೇಲೂ ಇಳಿಜಾರು ಹಲಗೆ ಬಿತ್ತು. ಪೋಸ್ಟಮ್ಮನ ಪಾದ ನೆಲ ಮುಟ್ಟುವ ಅವಕಾಶ ಆ ಮನೆಯಲ್ಲಿ ಎಲ್ಲೂ ಉಳಿಯಲಿಲ್ಲ.

ಇಷ್ಟೆಲ್ಲ ಯೋಚಿಸಿದವನು ಒಂದನ್ನು ಮರೆತಿದ್ದ. ಆ ಮನೆಯ ನೆಲ ಬೀದಿಯ ಕಡೆಗೆ ಒಂದಿಷ್ಟು ವಾಲಿತ್ತು. ಒಂದು ಬೆಳಿಗ್ಗೆ ಮೇಸ್ತ್ರಿ ಹಿತ್ತಲಲ್ಲಿದ್ದಾಗ ಪೋಸ್ಟಮ್ಮ ಬಿದ್ದ ಚಮಚ ಎತ್ತಿಕೊಳ್ಳಲು ಬಗ್ಗಿದಳು. ಕುರ್ಚಿ ಮೆಲ್ಲಗೆ ಹೊರಟಿತು. ಕೊಯ್ದ ಹೊಸ್ತಿಲುಗಳು ಅದನ್ನು ತಡೆಯಲಿಲ್ಲ. ಬೀದಿ ಬಾಗಿಲಾದರೂ ತಡೆಯಬೇಕಿತ್ತು; ಆದರೆ ಅದು ಮೇಸ್ತ್ರಿ ಕೂರಿಸಿದ ಬಾಗಿಲು, ಬೆರಳು ತಾಗಿಸಿದರೆ ಸಾಕು, ಸದ್ದಿಲ್ಲದೆ ಹೊರಕ್ಕೆ ತೆರೆದುಕೊಳ್ಳುವಂಥದ್ದು. ಕುರ್ಚಿ ಹಲಗೆ ಇಳಿದು, ಬೀದಿ ದಾಟಿ, ಟೈಲರನ ಅಂಗಡಿ ಹೊಕ್ಕು, ಬಟ್ಟೆಯ ರಾಶಿಗೆ ತಾಗಿ ನಿಂತಿತು.

ಟೈಲರ್ ಯಾರದೋ ಎದೆಯ ಅಳತೆ ತೆಗೆಯುತ್ತಿದ್ದ. ತಲೆಯೆತ್ತಿ ನೋಡಿ, ಇಷ್ಟು ವರ್ಷದ ಅಭ್ಯಾಸದಿಂದ, "ಬನ್ನಿ ಪೋಸ್ಟಮ್ಮ, ಕಾಗದ ಏನಾದ್ರೂ ಇದೆಯಾ?" ಎಂದ.

ಪೋಸ್ಟಮ್ಮ ನಕ್ಕಳು. ನಗುತ್ತ ನಗುತ್ತ ಸೆರಗಿನಲ್ಲಿ ಕಣ್ಣು ಒತ್ತಿಕೊಂಡಳು. "ಈ ಮಾತು ಕೇಳಿ ಎಷ್ಟು ದಿನ ಆಗಿತ್ತು" ಎಂದಳು. ಓಡಿ ಬಂದ ಮೇಸ್ತ್ರಿ ಅವಳ ಕಾಲನ್ನು ನೋಡಿದ, ಚಕ್ರವನ್ನು ನೋಡಿದ, ಕಣ್ಣನ್ನು ಮಾತ್ರ ನೋಡಲಿಲ್ಲ. "ಬ್ರೇಕು ಹಾಕ್ತೀನಿ" ಎಂದ.

ಆ ವಾರವೇ ಪೋಸ್ಟ್‌ಮಾಸ್ಟರು ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳುವ ಮುಂಚೆ ಒಂದು ಹಣ್ಣು ತಾವೇ ಸುಲಿದು ಕೊಟ್ಟರು.

"ನೋಡಮ್ಮ, ನಿನ್ನ ರಜೆ ತಿಂಗಳ ಕೊನೆಗೆ ಮುಗಿಯತ್ತೆ. ಅಷ್ಟರಲ್ಲಿ ಓಡಾಡೋ ಹಾಗಾದ್ರೆ ನಿನ್ನ ಬೀದಿಗಳು ನಿನಗೇ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ಬೇಕಾಗತ್ತೆ. ನಿನಗೆ ಒಳಗಡೆ ಸ್ಟಾಂಪಿನ ಕೌಂಟರು."

"ಕೌಂಟರೇ ಕೊಟ್ಬಿಡಿ ಸಾರ್" ಎಂದ ಮೇಸ್ತ್ರಿ, ಸಂತೋಷ ತಡೆಯಲಾರದೆ. "ಕುರ್ಚಿ ಬೇಕಾದ್ರೆ ನಾನೇ ಮಾಡ್ಕೊಡ್ತೀನಿ."

ಪೋಸ್ಟ್‌ಮಾಸ್ಟರು ಹೋದ ಮೇಲೆ ಪೋಸ್ಟಮ್ಮ ಸುಲಿದ ಹಣ್ಣನ್ನು ತಿನ್ನದೆ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು: "ನನ್ನನ್ನ ಒಂದು ಮಾತು ಕೇಳಿದ್ರಾ ನೀವು? ಕೌಂಟರ್‌ನಲ್ಲಿ ಕೂತ್ರೆ ಜನ ನನ್ನ ಹತ್ರ ಬರ್ತಾರೆ. ನಾನು ಜನರ ಹತ್ರ ಹೋಗೋಳು ರೀ. ನನ್ನ ಬೀದಿಗಳಲ್ಲಿ ನನ್ನ ನೋಡಿ ಬೊಗಳೋ ನಾಯಿ ಒಂದೂ ಇಲ್ಲ. ಅವಕ್ಕೆಲ್ಲ ನನ್ನ ಗುರುತು ಮಾಡಿಸೋಕೆ ಎಷ್ಟು ಕಾಲ ಹಿಡೀತು ನಿಮಗೇನು ಗೊತ್ತು. ಅದೆಲ್ಲ ಬೇರೆ ಯಾರಿಗೋ ಕೊಟ್ಟು, ಗಾಜಿನ ಹಿಂದೆ ಕೂತು ಸ್ಟಾಂಪು ಹರೀಲಾ?" ಎಂದವಳೇ ಗೋಡೆಯ ಕಡೆ ತಿರುಗಿ ಮಲಗಿದಳು.

ಮೇಸ್ತ್ರಿ ಲೆಕ್ಕ ಹಾಕಿದ. ಅವಳಿಗೆ ನಡೆಯಬೇಕು, ಕಾಲಿಗೆ ಎರಡು ಸ್ಕ್ರೂ ಬೇಕು. ಇಷ್ಟು ಸರಳವಾದ ಲೆಕ್ಕಕ್ಕೆ ಇಷ್ಟು ದಿನ ಸುಮ್ಮನೆ ಕೂತಿದ್ದೆನಲ್ಲ ಎನಿಸಿತು. ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಇದ್ದುದರಲ್ಲೇ ಒಳ್ಳೆಯ ಸ್ಟೀಲಿನ ಎರಡು ಸ್ಕ್ರೂ ಆರಿಸಿ ತಂದ, ಚಿಕ್ಕ ಪಾತ್ರೆಯಲ್ಲಿ ಕುದಿಸಿದ, ಒಗೆದ ಕರವಸ್ತ್ರದಲ್ಲಿ ಕಟ್ಟಿದ. ಎಕ್ಸ್‌ರೇ ಹಾಳೆಯನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೊರಟ. ಅವರ ಹತ್ತಿರ ಇಲ್ಲದಿದ್ದರೆ ಎಂದು ತನ್ನ ಸ್ಕ್ರೂಡ್ರೈವರನ್ನೂ ಜೇಬಿಗಿಳಿಸಿದ.

ಬಾಗಿಲಲ್ಲಿ ಕೂತಿದ್ದ ಹೆಣ್ಣುಮಗಳು ತಲೆಯೆತ್ತದೆ, "ಏನು ತೊಂದರೆ?" ಎಂದಳು.

"ಎರಡು ಸ್ಕ್ರೂ ಕಮ್ಮಿ ಇದೆಯಮ್ಮ."

ಈಗ ಅವಳು ತಲೆಯೆತ್ತಿದಳು. ಜೇಬಿನಿಂದ ಇಣುಕುತ್ತಿದ್ದ ಸ್ಕ್ರೂಡ್ರೈವರ್ ನೋಡಿ, ಬಹಳ ಮೃದುವಾಗಿ, "ಎರಡನೇ ಮಹಡಿ, ಎಡಗಡೆ ಕೊನೇ ಕೋಣೆಗೆ ಹೋಗಿ ಅಪ್ಪಾಜಿ" ಎಂದು ಕಳಿಸಿದಳು. ಅದು ಮನಸ್ಸಿನ ಕಾಯಿಲೆಯ ವಿಭಾಗ. ಅಲ್ಲಿನ ಡಾಕ್ಟರು ಇವನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, "ನಿಮಗೆ ಹೆಂಡತಿ ಮೇಲೆ ಪ್ರೀತಿ ಜಾಸ್ತಿ. ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ" ಎಂದು ಮೂಳೆ ಡಾಕ್ಟರಮ್ಮನ ಕೋಣೆಗೆ ದಾರಿ ತೋರಿಸಿದರು.

ಡಾಕ್ಟರಮ್ಮ ನಗಲಿಲ್ಲ. ಕರವಸ್ತ್ರ ಬಿಚ್ಚಿ ಸ್ಕ್ರೂಗಳನ್ನು ನೋಡಿದರು.

"ತಪ್ಪಾಗೋದು ಸಹಜ ಡಾಕ್ಟ್ರೇ, ನಾನು ಯಾರಿಗೂ ಹೇಳಲ್ಲ" ಎಂದ ಮೇಸ್ತ್ರಿ. ಊರಿಗೆಲ್ಲ ಹೇಳಿಯಾಗಿತ್ತು ಎಂಬುದು ಆ ಕ್ಷಣಕ್ಕೆ ಅವನಿಗೆ ನೆನಪಾಗಲಿಲ್ಲ. "ಇವೆರಡನ್ನ ಹಾಕ್ಬಿಟ್ರೆ ಅವಳು ನಡೀತಾಳೆ."

"ಮೇಸ್ತ್ರೀ, ನೀವು ಬಾಗಿಲು ಕೂರಿಸಿದ ಮೇಲೆ ಮರ ಬೆಳೆಯತ್ತಾ?"

"ಎಲ್ಲಾದ್ರೂ ಉಂಟಾ. ಬೆಳೆದ್ರೆ ನಾವು ಕೆಟ್ವಿ."

"ಮೂಳೆ ಬೆಳೆಯತ್ತೆ. ಮುರಿದ ಕಡೆ ಹೊಸ ಮೂಳೆ ತಾನಾಗೇ ಬಂದು ಕೂಡ್ಕೋಬೇಕು. ಅದು ಬರಬೇಕು ಅಂದ್ರೆ ಅಲ್ಲಿ ಕೂದಲೆಳೆಯಷ್ಟು ಅಲುಗಾಟ ಇರ್ಬೇಕು, ಮೈಭಾರ ತಾಗ್ಬೇಕು. ಅದಕ್ಕೇ ಆ ಎರಡು ತೂತು ಖಾಲಿ ಬಿಟ್ಟಿದ್ದು. ಅಲ್ಲೂ ಬಿಗಿದಿದ್ರೆ ಪ್ಲೇಟಿಗೆ ಬಾಗೋಕೆ ಜಾಗ ಇರಲ್ಲ. ಭಾರ ಎಲ್ಲ ಒಂದೇ ಕಡೆ ಬಿದ್ದು ಒಂದಿನ ಪ್ಲೇಟೇ ತುಂಡಾಗ್ಬಹುದು."

ಮೇಸ್ತ್ರಿ ಹಾಳೆಯನ್ನು ನೋಡಿದ. "ಅಂದ್ರೆ ಇದು ಮರ್ತಿದ್ದಲ್ಲ."

"ಯೋಚನೆ ಮಾಡಿ ಬಿಟ್ಟಿದ್ದು. ಪ್ಲೇಟು ಬರೀ ಹಿಡ್ಕೊಂಡಿರತ್ತೆ ಮೇಸ್ತ್ರಿ, ಕೂಡೋದು ಮೂಳೆ ಕೆಲಸ. ಅದಿರಲಿ, ಈಗ ಎಷ್ಟು ನಡೀತಿದಾರೆ ಅವರು?"

"ಒಂದು ಹೆಜ್ಜೆನೂ ಇಡೋಕೆ ಬಿಟ್ಟಿಲ್ಲ" ಎಂದ ಮೇಸ್ತ್ರಿ. ಮಾತು ಶುರುಮಾಡುವಾಗ ಅದರಲ್ಲಿ ಹೆಮ್ಮೆಯಿತ್ತು, ಮುಗಿಸುವಾಗ ಇರಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವರನ್ನ ಇವತ್ತೇ ಕರ್ಕೊಂಡು ಬನ್ನಿ" ಎಂದರು.

ಅವತ್ತು ಮಧ್ಯಾಹ್ನವೇ ಪೋಸ್ಟಮ್ಮನನ್ನು ಕರೆತಂದು ಹೊಸ ಎಕ್ಸ್‌ರೇ ತೆಗೆಸಿದರು. ಹೊಸ ಮೂಳೆ ತೀರಾ ತೆಳುವಾಗಿ, ಮಂಜು ಕವಿದ ಹಾಗೆ ಕಾಣುತ್ತಿತ್ತು. "ಕೆಡಿಸಿಬಿಟ್ನಾ ಡಾಕ್ಟ್ರೇ?" ಎಂದು ಮೇಸ್ತ್ರಿ ಕೇಳಿದ.

"ತಡ ಮಾಡಿದೀರಿ. ಕೆಡಿಸಿಲ್ಲ. ಇವತ್ತಿಂದ ನಡೀಲಿ."

ಮನೆಗೆ ಬಂದು ಮೇಸ್ತ್ರಿ ಹೆಂಡತಿಯ ಎದುರು ನೆಲದ ಮೇಲೆ ಕೂತ. "ನಿನ್ನ ಕಾಲಿಗೆ ನಾನೇ ಅಡ್ಡ ಬಂದೆ ಕಣೇ" ಎಂದ. "ನಿನ್ನ ಬೀದಿ ಹೋದ್ರೆ ಅದು ನನ್ನಿಂದ."

"ನಾನೂ ಸುಮ್ನಿದ್ದೆನಲ್ಲ" ಎಂದಳು ಪೋಸ್ಟಮ್ಮ. "ನೀವು ಅವತ್ತು ಊಟ ಬಿಟ್ರಲ್ಲ, ಆಮೇಲೆ ನನಗೆ ಕಾಲಿಡೋಕೆ ಮನಸ್ಸೇ ಬರಲಿಲ್ಲ. ಏಳಿ, ಆ ಕುರ್ಚಿ ಚಕ್ರ ಕೀಳಿ ಮೊದ್ಲು."

ಚಕ್ರ ಕಿತ್ತದ್ದಾಯಿತು, ಹಲಗೆ ಕಿತ್ತದ್ದಾಯಿತು. ಬೀದಿಯವರಿಗೆ ಮೇಸ್ತ್ರಿಯೇ ಮನೆಮನೆಗೆ ಹೋಗಿ, ತೂತು ಬಿಟ್ಟದ್ದು ಸರಿ, ತಾನು ಹೇಳಿದ್ದು ತಪ್ಪು ಎಂದು ಹೇಳಿ ಬಂದ. ಎಲ್ಲರೂ ನಂಬಿದರು, ಭಾವಮೈದನೊಬ್ಬ ಬಿಟ್ಟು. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. "ಅದೆಲ್ಲ ಸರಿ ಭಾವ, ಆದ್ರೆ ಆ ಎರಡು ಸ್ಕ್ರೂ ಎಲ್ಲಿ?" ಎಂದು ಇವತ್ತಿಗೂ ಕೇಳುತ್ತಾನೆ.

ಪೋಸ್ಟಮ್ಮ ನಡೆಯತೊಡಗಿದಳು. ಮೊದಲು ಮಂಚದಿಂದ ಕಿಟಕಿಗೆ, ಆಮೇಲೆ ಹಿತ್ತಲಿಗೆ, ಆಮೇಲೆ ಟೈಲರನ ಅಂಗಡಿಗೆ. ಹಿಂದೆಯೇ ಮೇಸ್ತ್ರಿ ಎರಡೂ ಕೈ ಚಾಚಿಕೊಂಡು ನಡೆಯುತ್ತಿದ್ದ. ಅವಳು ನಿಂತರೆ ನಿಲ್ಲುತ್ತಿದ್ದ, ಅವಳು ಕೆಮ್ಮಿದರೆ ಹಿಡಿಯಲು ಬರುತ್ತಿದ್ದ. ಊರುಗೋಲು ಹೋಗಿ ಕೈಕೋಲು ಬಂತು. ರಜೆ ಮುಗಿಯುವ ದಿನವೂ ಬಂತು.

"ಇವತ್ತು ಒಂದು ಸುತ್ತು ಹಂಚಿ ಬಾಮ್ಮ" ಎಂದರು ಪೋಸ್ಟ್‌ಮಾಸ್ಟರು, ಕಚೇರಿಯ ಮೆಟ್ಟಿಲ ಮೇಲೆ ನಿಂತು. "ಸಂಜೆಯೊಳಗೆ ಚೀಲ ಖಾಲಿ ಆದ್ರೆ ಬೀದಿ ನಿನ್ನದೇ."

ಆ ಬೆಳಿಗ್ಗೆ ಮನೆ ಬಿಡುವ ಮುಂಚೆ ಪೋಸ್ಟಮ್ಮ ಗಂಡನಿಗೆ ತಾಕೀತು ಮಾಡಿದ್ದಳು. "ನನ್ನ ಹಿಂದೆ ಬರಕೂಡದು. ಬೆನ್ನ ಹಿಂದೆ ನಿಮ್ಮ ಉಸಿರು ಕೇಳಿಸಿದ್ರೆ ನನ್ನ ಕಾಲು ನಡುಗತ್ತೆ. ಆಣೆ ಇಡಿ."

"ಹಿಂದೆ ಬರಲ್ಲ" ಎಂದು ಮೇಸ್ತ್ರಿ ಆಣೆಯಿಟ್ಟಿದ್ದ.

ಮೊದಲನೇ ಮನೆಯಲ್ಲಿ ಪೋಸ್ಟಮ್ಮ ಬಾಗಿಲು ತಟ್ಟಲು ಕೈಯೆತ್ತಿದಳು. ತಟ್ಟುವ ಮೊದಲೇ ಬಾಗಿಲು ತೆರೆಯಿತು. ಎರಡನೆಯದರಲ್ಲೂ ಹಾಗೇ ಆಯಿತು. ಮೂರನೇ ಮನೆಯವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಮೊದಲ ಬೀದಿಯುದ್ದಕ್ಕೂ ಬಾಗಿಲುಗಳು ಒಂದಾದ ಮೇಲೊಂದು ಸದ್ದಿಲ್ಲದೆ ತೆರೆದುಕೊಂಡವು. ಒಂದು ನಾಯಿ ಬಾಲ ಆಡಿಸುತ್ತ ಮೂಲೆಯವರೆಗೂ ಜೊತೆಗೆ ಬಂತು. ಬೇಕರಿಯವನ ಮನೆಯ ಹತ್ತಿರ ಪೋಸ್ಟಮ್ಮ ತಡೆಯಲಾರದೆ ಕೇಳಿದಳು:

"ನಾನು ಬಂದಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮನ್ನ ನಿಲ್ಲಿಸಿ ಕಾಯಿಸ್ಬಾರದು ಅಂತ ಹೇಳಿ ಹೋಗಿದಾರೆ."

"ಯಾರು?"

"ಅದನ್ನ ಹೇಳ್ಬಾರದು ಅಂತಲೂ ಹೇಳಿ ಹೋಗಿದಾರೆ" ಎಂದ ಬೇಕರಿಯವನು ತಲೆ ಕೆರೆದುಕೊಂಡು.

ಪೋಸ್ಟಮ್ಮ ಬೀದಿಯ ಆಚೆ ತುದಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಕಾಲು ನೋಯುತ್ತಿತ್ತು. ಎರಡು ಕಡೆ ಕಟ್ಟೆಯ ಮೇಲೆ ಕೂತು ಸುಧಾರಿಸಿಕೊಂಡಳು, ಒಂದು ಕಡೆ ಆಗುವುದಿಲ್ಲವೇನೋ ಎಂದೂ ಎನಿಸಿತು. ಆದರೆ ಮುಂದಿನ ಮನೆಯ ಬಾಗಿಲು ಆಗಲೇ ತೆರೆದಿತ್ತು. ತೆರೆದ ಬಾಗಿಲನ್ನು ಬಿಟ್ಟು ಹಿಂದಕ್ಕೆ ಹೋಗಲು ಅವಳಿಗೆ ಬರುತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಏರು ಓಣಿಯ ಕೊನೆಯ ಮನೆಗೆ ಕೊನೆಯ ಕಾಗದ ಕೊಟ್ಟಳು. ಚೀಲ ಖಾಲಿಯಾಗಿತ್ತು. ತಿರುಗಿ ನೋಡಿದರೆ ಆ ಮನೆಯ ಗೋಡೆಗೆ ಒರಗಿ, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಮೇಸ್ತ್ರಿ ಕೂತಿದ್ದ. ಜೀವಮಾನವೆಲ್ಲ ಒಂದೇ ಕಡೆ ನಿಂತು ಕೂತು ಕೆಲಸ ಮಾಡಿದವನು ಅವಳ ಅಷ್ಟೂ ಬೀದಿಗಳನ್ನು ಅವಳಿಗಿಂತ ಮುಂಚೆ ಓಡಿ ಮುಗಿಸಿದ್ದ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು.

"ಬರಕೂಡದು ಅಂದಿದ್ದೆ" ಎಂದಳು ಪೋಸ್ಟಮ್ಮ.

"ಹಿಂದೆ ಎಲ್ಲಿ ಬಂದೆ?" ಎಂದ ಮೇಸ್ತ್ರಿ. ಏಳಲು ನೋಡಿದ. ಮೊಣಕಾಲು ಮಾತು ಕೇಳಲಿಲ್ಲ. ಮತ್ತೆ ಕೂತ.

ಪೋಸ್ಟಮ್ಮ ಕೈ ಕೊಟ್ಟು ಎಬ್ಬಿಸಿದಳು. ಅವನ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡಳು. ಮೇಸ್ತ್ರಿ ಕೈಯನ್ನು ಅಲ್ಲಿಟ್ಟನೇ ಹೊರತು, ಭಾರವನ್ನೆಲ್ಲ ತನ್ನ ಬೊಬ್ಬೆಯ ಕಾಲಿನ ಮೇಲೇ ಹೊತ್ತು ಕುಂಟತೊಡಗಿದ.

"ಸರಿಯಾಗಿ ಭಾರ ಹಾಕಿ ರೀ."

"ನಿನ್ನ ಕಾಲು..."

"ನನ್ನ ಕಾಲು ನನಗೆ ಗೊತ್ತು. ಹಾಕಿ."

ಮೇಸ್ತ್ರಿ ಅವಳ ಮುಖ ನೋಡಿದ. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ, ಕೊನೆಗೆ ಕಣ್ಣು ಮುಚ್ಚಿ ಪೂರ್ತಿ ಭಾರ ಹಾಕಿದ. ಪೋಸ್ಟಮ್ಮ ಒಂಚೂರು ಅಲುಗಿದಳು. ಅಲುಗಿ, ನಿಂತಳು. ಆಮೇಲೆ ಇಬ್ಬರೂ ಓಣಿ ಇಳಿದು ಮನೆಗೆ ಹೊರಟರು.